ಸೀರೀಸ್ ಪ್ಯಾಕ್‌ಗೆ ಇನ್ನು ಬಿಡಿ ಸೆಲ್ ಕೊಡುವುದಿಲ್ಲ: ಗ್ರಾಹಕರಿಗೊಂದು ಪತ್ರ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಸೀರೀಸ್‌ನಲ್ಲಿ (ಒಂದರ ಪ್ಲಸ್‌ಗೆ ಮತ್ತೊಂದರ ಮೈನಸ್ ಸೇರಿಸಿ) ಜೋಡಿಸಿಕೊಳ್ಳಲೆಂದು ಬಿಡಿ 18650 ಸೆಲ್ (ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ದುಂಡನೆಯ ಲಿಥಿಯಂ ಸೆಲ್) ಮಾರುವುದನ್ನು ಈ ತಿಂಗಳಿನಿಂದ ನಿಲ್ಲಿಸಿದ್ದೇವೆ. ಒಂದೇ ಸೆಲ್ ಸಾಕೆನ್ನುವ ಪ್ರಾಜೆಕ್ಟ್‌ಗಳಿಗೆ ಪ್ರೊಟೆಕ್ಷನ್ ಇರುವ ಸೆಲ್ ಎಂದಿನಂತೆ ಸಿಗುತ್ತದೆ. ಎರಡರಿಂದ ನಾಲ್ಕು ಸೆಲ್ ಸೀರೀಸ್ ಬೇಕಾದವರಿಗೆ ಮಾತ್ರ ನಾವೇ ಹೊಂದಿಸಿ, ವೆಲ್ಡ್ ಮಾಡಿ, ಬಿಎಂಎಸ್ (ಸೆಲ್‌ಗಳ ವೋಲ್ಟೇಜ್ ಕಾಯುವ ರಕ್ಷಣಾ ಬೋರ್ಡ್) ಕೂರಿಸಿದ ಪ್ಯಾಕ್ ಕೊಡುತ್ತೇವೆ, ಅದಕ್ಕೆ ತಕ್ಕ ಚಾರ್ಜರ್ ಸಮೇತ. ಬೆಲೆ ಏರಿದೆ. ಆಗಲೇ ಆರ್ಡರ್ ಕೊಟ್ಟು ಕಾಯುತ್ತಿರುವವರಿಗೆ ತೊಂದರೆಯಾಗಿದೆ, ದಯವಿಟ್ಟು ಕ್ಷಮಿಸಿ. ಪ್ಯಾಕ್ ಬೇಡವೆಂದರೆ ಪೂರ್ತಿ ಹಣ ವಾಪಸ್.

"ಮೂರು ಸೆಲ್ಲು, ಒಂದು ಬೋರ್ಡು, ನಾಲ್ಕು ಬೆಸುಗೆ. ಇದಕ್ಕೆ ಇಷ್ಟೊಂದು ಯಾಕೆ?" ಎಂಬ ಮಾತನ್ನು ಎಷ್ಟೋ ಸಲ ಕೇಳಿದ್ದೇವೆ. ಕೆಲವರು ನೇರವಾಗಿಯೇ ದುರಾಸೆ ಅಂದರು. ಮನಸ್ಸಿಗೆ ನೋವಾಗಿದೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಸೀರೀಸ್‌ನಲ್ಲಿ ಎಲ್ಲ ಸೆಲ್‌ಗಳಲ್ಲೂ ಹರಿಯುವುದು ಒಂದೇ ಕರೆಂಟ್. ಹಾಗಾಗಿ ಕೆಪ್ಯಾಸಿಟಿ (ಹಿಡಿಯುವ ಚಾರ್ಜ್) ಕಡಿಮೆ ಇರುವ ಸೆಲ್ ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತದೆ, ಚಾರ್ಜ್ ಮಾಡುವಾಗ ಎಲ್ಲಕ್ಕಿಂತ ಮೊದಲು ತುಂಬುತ್ತದೆ. ಹೊರಗಿನ ಎರಡು ತಂತಿಗೆ ಮಲ್ಟಿಮೀಟರ್ ಹಿಡಿದರೆ ಇದು ಕಾಣುವುದೇ ಇಲ್ಲ. ಮೂರು ಸೆಲ್‌ನ ಪ್ಯಾಕ್ ಪೂರ್ತಿ ತುಂಬಿದಾಗ 12.6 ವೋಲ್ಟ್, ಅಂದರೆ ಸೆಲ್‌ಗೆ 4.2. ಆದರೆ 4.1, 4.1, 4.4 ಕೂಡಿದರೂ 12.6 ವೋಲ್ಟೇ! ಚಾರ್ಜರ್‌ಗೆ ಎಲ್ಲವೂ ಸರಿಯಾಗಿದೆ ಅನ್ನಿಸುತ್ತದೆ, ಒಂದು ಸೆಲ್ ಮಾತ್ರ ಅಪಾಯದ ಅಂಚು ದಾಟಿರುತ್ತದೆ. ಖಾಲಿಯಾಗುವಾಗಲೂ ಇದೇ ಕತೆ. 3.6, 3.6, 2.0 ಸೇರಿ 9.2 ವೋಲ್ಟ್ ಆಯಿತೆನ್ನಿ. 9 ವೋಲ್ಟ್‌ಗೆ ನಿಲ್ಲುವಂತೆ ಮಾಡಿದ ಸರ್ಕ್ಯೂಟ್ ಇನ್ನೂ ನಡೆಯುತ್ತಲೇ ಇರುತ್ತದೆ. ಹೀಗೆ ಮಿತಿಮೀರಿ ಬರಿದಾದ ಸೆಲ್ ಒಳಗೆ ತಾಮ್ರ ಕರಗಿ, ಮುಂದೆ ಚಾರ್ಜ್ ಮಾಡುವಾಗ ಒಳಗೇ ಶಾರ್ಟ್ ಆಗುವ ಸಂಭವವಿದೆ.

ಇದನ್ನು ತಪ್ಪಿಸಬೇಕಾದರೆ ಪ್ರತಿ ಸೆಲ್ಲನ್ನೂ ತುಂಬಿಸಿ, ಖಾಲಿ ಮಾಡಿ ಕೆಪ್ಯಾಸಿಟಿ ಅಳೆಯಬೇಕು. ಇಂಟರ್ನಲ್ ರೆಸಿಸ್ಟೆನ್ಸ್ (ಸೆಲ್ ಒಳಗೇ ಕರೆಂಟ್‌ಗಿರುವ ತಡೆ) ನೋಡಬೇಕು. ಆಮೇಲೆ ಕೆಲವು ದಿನ ಸುಮ್ಮನೆ ಇಟ್ಟು, ತಾನಾಗಿ ವೋಲ್ಟೇಜ್ ಇಳಿಸಿಕೊಂಡದ್ದನ್ನು ಬೇರೆ ತೆಗೆಯಬೇಕು. ನೀವು ಕೊಡುವ ಹಣದ ದೊಡ್ಡ ಪಾಲು ಹೋಗುವುದು ಈ ಕೆಲಸಕ್ಕೆ ಮತ್ತು ಹೀಗೆ ಬೇರೆ ತೆಗೆದ ಸೆಲ್‌ಗಳಿಗೆ. ಸಾಗಣೆ ವೆಚ್ಚವೂ ನಮ್ಮ ಕೈಯಲ್ಲಿಲ್ಲ. ಲಿಥಿಯಂ ಸೆಲ್ ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ. ಬಿಡಿಯಾಗಿ ವಿಮಾನದಲ್ಲಿ ಬರುವಾಗ ಶೇ. 30ಕ್ಕಿಂತ ಹೆಚ್ಚು ಚಾರ್ಜ್ ಇರಬಾರದೆಂಬ ನಿಯಮವಿದೆ. "ಅರ್ಧ ಖಾಲಿ ಸೆಲ್ ಕೊಟ್ಟಿರಿ" ಎಂದು ಬೈದವರು ಇದನ್ನೂ ಗಮನಿಸಬೇಕೆಂದು ಕೋರುತ್ತೇವೆ.

"ಬಿಎಂಎಸ್ ಇದ್ದ ಮೇಲೆ ಈ ಹೊಂದಾಣಿಕೆಯೆಲ್ಲ ಯಾಕೆ?" ಎಂದೂ ಕೇಳುತ್ತಾರೆ. ಅಗ್ಗದ ಬೋರ್ಡ್‌ಗಳಲ್ಲಿ ಎಷ್ಟೋ ಬಾರಿ ಬ್ಯಾಲೆನ್ಸ್ ಮಾಡುವ, ಅಂದರೆ ಹೆಚ್ಚು ತುಂಬಿದ ಸೆಲ್‌ನ ಚಾರ್ಜ್ ಇಳಿಸಿ ಎಲ್ಲವನ್ನೂ ಸಮ ಮಾಡುವ ರೆಸಿಸ್ಟರ್‌ಗಳೇ ಇರುವುದಿಲ್ಲ. ಇದ್ದರೂ ಅವು ಹರಿಸುವುದು ಕೆಲವು ಹತ್ತು ಮಿಲಿಆಂಪಿಯರ್ ಅಷ್ಟೆ. 50 ಮಿಲಿಆಂಪಿಯರ್ ಲೆಕ್ಕದಲ್ಲಿ 300 ಎಂಎಎಚ್ (ಮಿಲಿಆಂಪಿಯರ್-ಗಂಟೆ) ವ್ಯತ್ಯಾಸ ಸರಿಹೋಗಲು ಆರು ಗಂಟೆ ಬೇಕು. ಸಣ್ಣ ಏರುಪೇರನ್ನು ಬೋರ್ಡ್ ನೋಡಿಕೊಳ್ಳುತ್ತದೆ. ಹಳೇ ಲ್ಯಾಪ್‌ಟಾಪ್‌ನಿಂದ ಬಿಚ್ಚಿದ ಸೆಲ್ಲನ್ನು ಹೊಸದರ ಜೊತೆ ಸೇರಿಸಿದರೆ ಬೋರ್ಡ್‌ನಿಂದಲೂ ಆಗದು.

ಚಾರ್ಜರನ್ನು ಕಡ್ಡಾಯ ಮಾಡಿದ್ದಕ್ಕೂ ಕಾರಣವಿದೆ. ಲೆಡ್-ಆಸಿಡ್ ಬ್ಯಾಟರಿಯ "12 ವೋಲ್ಟ್" ಚಾರ್ಜರ್ 14.4 ವೋಲ್ಟ್‌ವರೆಗೂ ಏರುತ್ತದೆ. ಮೂರು ಸೆಲ್‌ಗೆ ಹಂಚಿದರೆ ತಲಾ 4.8! ಬಿಎಂಎಸ್ ಕಡಿತ ಮಾಡಬಹುದು ನಿಜ, ಆದರೆ ಅದು ಇರುವುದು ಕಟ್ಟಕಡೆಯ ರಕ್ಷಣೆಗೆ, ದಿನಾ ಚಾರ್ಜ್ ನಿಲ್ಲಿಸುವ ಕೆಲಸಕ್ಕಲ್ಲ. ಇನ್ನು ಒಂದೇ ಅಡಾಪ್ಟರ್‌ನಿಂದ ಮೂರು ಟಿಪಿ4056 (ಒಂದೇ ಸೆಲ್ ಚಾರ್ಜ್ ಮಾಡುವ ಸಣ್ಣ) ಬೋರ್ಡ್‌ಗೆ ಸಪ್ಲೈ ಕೊಟ್ಟು ಸೀರೀಸ್‌ನ ಒಂದೊಂದು ಸೆಲ್‌ಗೆ ಒಂದೊಂದು ಜೋಡಿಸುವುದನ್ನು ದಯವಿಟ್ಟು ಬಿಡಿ. ಅವುಗಳ ನೆಗೆಟಿವ್ ಒಂದಾಗಿ ಸೆಲ್‌ಗಳೇ ಶಾರ್ಟ್ ಆಗುತ್ತವೆ.

ನಮ್ಮ ಪ್ಯಾಕ್‌ನಲ್ಲಿ ಶುದ್ಧ ನಿಕ್ಕಲ್ ಪಟ್ಟಿ, ಸ್ಪಾಟ್ ವೆಲ್ಡಿಂಗ್. ಸೆಲ್ ಮೇಲೆ ನೇರವಾಗಿ ಬೆಸುಗೆ ಕಡ್ಡಿ ಇಡುವುದಿಲ್ಲ, ಆ ಕಾವಿಗೆ ಒಳಗಿನ ಸೀಲ್ ಹಾಳಾಗಬಹುದು. ಬ್ಯಾಲೆನ್ಸ್ ತಂತಿಗಳನ್ನು ಹೊರಗೇ ಬಿಟ್ಟಿದ್ದೇವೆ, ಒಂದೊಂದು ಸೆಲ್ಲನ್ನೂ ನೀವೇ ಅಳೆದು ನೋಡಬಹುದು. ಈ ಕೆಲಸದ ಬಗ್ಗೆ ನಮಗೆ ಹೆಮ್ಮೆಯಿದೆ.

ಹಿಂದೆ ನಮ್ಮಿಂದ ಬಿಡಿ ಸೆಲ್ ಒಯ್ದು ಪ್ಯಾಕ್ ಮಾಡಿಕೊಂಡವರು ಗಾಬರಿಯಾಗಬೇಡಿ. ಫುಲ್ ಚಾರ್ಜ್ ಆದ ಮೇಲೆ ಒಂದು ಗಂಟೆ ಬಿಟ್ಟು ಪ್ರತಿ ಸೆಲ್ಲನ್ನೂ ಬೇರೆ ಬೇರೆಯಾಗಿ ಅಳೆಯಿರಿ. ವ್ಯತ್ಯಾಸ 0.1 ವೋಲ್ಟ್ ಮೀರಿದ್ದರೆ ಆ ಪ್ಯಾಕ್ ಬಳಸುವುದನ್ನು ನಿಲ್ಲಿಸಿ, ಅಳತೆಗಳನ್ನು ನಮಗೆ ಬರೆದು ಕಳಿಸಿ. ಯಾವ ಸೆಲ್ ತೆಗೆಯಬೇಕು, ಉಳಿದವನ್ನು ಇಟ್ಟುಕೊಳ್ಳಬಹುದೇ ಎಂದು ಕೂತು ನೋಡಿ ಹೇಳುತ್ತೇವೆ. ಅದಕ್ಕೆ ಹಣ ಕೇಳುವುದಿಲ್ಲ.

ಇಂತಿ,
ನಿಮ್ಮ ಪ್ಯಾಕ್ ಕಟ್ಟುವ ಬಳಗ