ಎಷ್ಟರಲ್ಲಿ ಎಷ್ಟು ಅಂತ ಕೇಳು

ಪ್ರೀತಿಯ ಮಗಳೇ, ಆಶೀರ್ವಾದ.

ಫೋನಿಗೆ ಬರುವ ಆರೋಗ್ಯದ ಸುದ್ದಿಯಲ್ಲಿ ಯಾವುದನ್ನು ನಂಬಲಿ ಅಂತ ಕೇಳಿದ್ದೀಯಲ್ಲ, ಮೊದಲು ‘ಎಷ್ಟರಲ್ಲಿ ಎಷ್ಟು’ ಅಂತ ನೋಡು. 1995ರಲ್ಲಿ ಬ್ರಿಟನ್ನಿನಲ್ಲಿ, ಹೊಸ ಬಗೆಯ ಗರ್ಭನಿರೋಧಕ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟು ಅನ್ನೋ ಎಚ್ಚರಿಕೆ ಹೊರಬಿತ್ತು. ಗಾಬರಿಯಾಗಿ ಎಷ್ಟೋ ಹೆಂಗಸರು ಮಾತ್ರೆ ಬಿಟ್ಟರು. ಬೇಡದ ಬಸಿರು, ಗರ್ಭಪಾತ ಹೆಚ್ಚಿದವು. ಆ ‘ಎರಡು ಪಟ್ಟು’ ಅಂದರೆ 7,000 ಹೆಂಗಸರಲ್ಲಿ ಒಬ್ಬರ ಬದಲು ಇಬ್ಬರು, ಅಷ್ಟೇ. ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಅದಕ್ಕಿಂತ ದೊಡ್ಡದು. ಅದಕ್ಕೇ ಹೇಳುತ್ತೇನೆ, ಏನೋ ಓದಿದೆ ಅಂತ ಡಾಕ್ಟರನ್ನು ಕೇಳದೆ ಔಷಧ ನಿಲ್ಲಿಸಬೇಡ.

ಲ್ಯಾಬ್ ರಿಪೋರ್ಟಿಗೂ ಇದೇ ಲೆಕ್ಕ. ಎಷ್ಟೋ ಪರೀಕ್ಷೆಗಳಲ್ಲಿ ಆರೋಗ್ಯವಂತರ ಪೈಕಿ ಶೇಕಡಾ 95 ಮಂದಿ ಒಳಗೆ ಬರುವಂತೆ ಮಿತಿ ಹಾಕಿರುತ್ತಾರೆ. ಅಂದರೆ 20ರಲ್ಲಿ ಒಬ್ಬರು ಚೆನ್ನಾಗಿದ್ದರೂ ಆಚೆ ಬೀಳುತ್ತಾರೆ. ಮಿತಿಯಾಚೆ ಇದೆ ಅಂತ ರಿಪೋರ್ಟಿನಲ್ಲಿ ದಪ್ಪಕ್ಷರ ಕಂಡ ಕೂಡಲೇ ಹೆದರಬೇಡ, ಹಳೆಯ ರಿಪೋರ್ಟಿನ ಪಕ್ಕ ಇಟ್ಟು ನೋಡು. ಅಳತೆ ಯಾವ ಯೂನಿಟ್‌ನಲ್ಲಿದೆ ಅಂತಲೂ ಗಮನಿಸು: ರಕ್ತದ ಸಕ್ಕರೆ ಒಂದು ಕಡೆ ಡೆಸಿಲೀಟರಿಗೆ 126 ಮಿಲಿಗ್ರಾಂ, ಇನ್ನೊಂದು ಕಡೆ ಲೀಟರಿಗೆ 7 ಮಿಲಿಮೋಲ್ ಅಂತಿದ್ದರೆ ಎರಡೂ ಒಂದೇ.

ಜನ ನಿಜವಾಗಿ ಎಡವುವುದು ಮಾತ್ರೆಯ ಸ್ಟ್ರಿಪ್ಪಿನಲ್ಲಿ. ದೊಡ್ಡಕ್ಷರದ್ದು ಕಂಪನಿ ಇಟ್ಟ ಹೆಸರು. ನೀನು ಓದಬೇಕಾದ್ದು ಸಣ್ಣಕ್ಷರದ ಔಷಧದ ಹೆಸರು. ಜ್ವರಕ್ಕೆ 650 ಮಿಲಿಗ್ರಾಂ ಪ್ಯಾರಾಸಿಟಮಾಲ್ ದಿನಕ್ಕೆ ನಾಲ್ಕು ಅಂದರೆ 2,600. ಜೊತೆಗೆ ನೆಗಡಿ ಮಾತ್ರೆ ನಾಲ್ಕು, ಒಂದೊಂದರಲ್ಲೂ ಅದೇ ಔಷಧ 500 ಇದ್ದರೆ ಇನ್ನೂ 2,000. ಒಟ್ಟು 4,600. ದೊಡ್ಡವರಿಗೂ ದಿನದ ಮಿತಿ 4,000. ಮೀರಿದರೆ ಪೆಟ್ಟು ಬೀಳುವುದು ಲಿವರಿಗೆ, ಅದೂ ಮೊದಲ ದಿನ ಗೊತ್ತೇ ಆಗದ ಹಾಗೆ. ಮಕ್ಕಳ ಸಿರಪ್ಪಿಗೆ ಅಡುಗೆಮನೆ ಚಮಚ ಬೇಡ, ಬಾಟಲಿ ಜೊತೆ ಬಂದ ಅಳತೆಯದ್ದೇ ಬಳಸು.

ಓದುವುದಕ್ಕೆ ಮೆಡ್‌ಲೈನ್‌ಪ್ಲಸ್ ಅನ್ನೋ ವೆಬ್‌ಸೈಟ್ ಒಳ್ಳೆಯದು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ್ದು, ಜಾಹೀರಾತಿಲ್ಲ. ಒಂದು ಚಿಕಿತ್ಸೆ ಫಲ ಕೊಡುತ್ತದೋ ಇಲ್ಲವೋ ತಿಳಿಯಲು, ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸುವ ಕಾಕ್ರೇನ್ ಅನ್ನೋ ಸಂಸ್ಥೆಯ ಸರಳ ಸಾರಾಂಶ ಓದು. ಬೇರೆಲ್ಲಿ ಓದಿದರೂ ಬರೆದವರು ಯಾರು, ಯಾವ ವರ್ಷ, ಕೊನೆಯಲ್ಲಿ ಏನಾದರೂ ಮಾರುತ್ತಿದ್ದಾರಾ, ಪ್ರಯೋಗ ಮಾಡಿದ್ದು ಇಲಿಯ ಮೇಲೋ ಮನುಷ್ಯರ ಮೇಲೋ ಅಂತ ನೋಡು.

ಡಾಕ್ಟರ ಹತ್ತಿರ ಹೋದಾಗ ಸುಮ್ಮನೆ ತಲೆಯಾಡಿಸಿ ಎದ್ದು ಬರಬೇಡ. ‘ನನಗೆ ಅರ್ಥವಾದದ್ದು ಹೀಗೆ, ಸರಿಯಾ?’ ಅಂತ ನಿನ್ನ ಮಾತಿನಲ್ಲೇ ತಿರುಗಿ ಹೇಳು. ತಪ್ಪಿದ್ದರೆ ಅವರು ಅಲ್ಲೇ ತಿದ್ದುತ್ತಾರೆ. ಹೋಗುವಾಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್ಪುಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗು, ವಿಟಮಿನ್ ಮಾತ್ರೆ, ಗಿಡಮೂಲಿಕೆ ಔಷಧಗಳನ್ನೂ ಸೇರಿಸಿ.

ಇಂತಿ,
ನಿನ್ನ ದೊಡ್ಡಪ್ಪ