ಎರಡು ತಟ್ಟೆ ಮೆಣಸು: ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಉತ್ತರ ಕನ್ನಡದ ಸಂಸದರಿಗೆ ನಮಸ್ಕಾರ.

ಶಿರಸಿ ಹತ್ತಿರ ನನ್ನದು ಎರಡು ಎಕರೆ ಅಡಿಕೆ ತೋಟ. ಮರಕ್ಕೆ ಹಬ್ಬಿಸಿದ ಕಾಳುಮೆಣಸೂ ಇದೆ. ಮೊನ್ನೆ ಪೇಟೆಯಲ್ಲಿ ವ್ಯಾಪಾರಿಯೊಬ್ಬರು ಎರಡು ತಟ್ಟೆಯಲ್ಲಿ ಮೆಣಸು ಸುರಿದು ತೋರಿಸಿದರು. ಒಂದು ನನ್ನದು, ಇನ್ನೊಂದು ವಿಯೆಟ್ನಾಂನದು. ಬಾಯಿಗೆ ಹಾಕಿಕೊಂಡು ನೋಡಿದೆ. ಘಾಟು ನನ್ನದರಲ್ಲೇ ಜಾಸ್ತಿ. ಆದರೆ ಅವರದು ಎಲ್ಲ ಕಾಳೂ ಒಂದೇ ಗಾತ್ರ. ಕಡ್ಡಿಯಿಲ್ಲ, ಜೊಳ್ಳಿಲ್ಲ. ನನ್ನ ತಟ್ಟೆಯಲ್ಲಿ ಎರಡೂ ಇತ್ತು.

ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. 17ನೇ ಶತಮಾನದಲ್ಲಿ ಇಂಗ್ಲಿಷರು ಕಾರವಾರಕ್ಕೆ ಬಂದದ್ದೂ ಇದೇ ಕಾಳಿನ ಆಸೆಗೆ. ಈಗ ಮೆಣಸು ರಫ್ತಿನಲ್ಲಿ ಜಗತ್ತಿಗೇ ಮೊದಲು ವಿಯೆಟ್ನಾಂ.

ಯುದ್ಧದಲ್ಲಿ ನುಚ್ಚುನೂರಾಗಿದ್ದ ದೇಶ ಅದು. 1990ರಲ್ಲಿ ಅವರ ತಲಾ ಆದಾಯ ನಮ್ಮದಕ್ಕಿಂತ ಕಡಿಮೆ. 2024ರಲ್ಲಿ ಅವರದು 4,700 ಡಾಲರ್ ಆಸುಪಾಸಿನಲ್ಲಿತ್ತು, ನಮ್ಮದು 2,700ರ ಆಸುಪಾಸಿನಲ್ಲಿ. 1986ರ 'ದೋಯ್ ಮೋಯ್' ಸುಧಾರಣೆಯಿಂದ ಅಲ್ಲಿನ ರೈತನಿಗೆ ಬೆಳೆದದ್ದನ್ನು ತಾನೇ ಮಾರುವ ದಾರಿ ತೆರೆಯಿತು. ಬಟ್ಟೆ, ಶೂ, ಮೊಬೈಲ್ ಕಾರ್ಖಾನೆಗಳು ಬಂದವು. ಮೆಣಸಿನಲ್ಲೂ ಅವರು ಹೊರಗಿನ ಗಿರಾಕಿ ಕೇಳಿದ್ದನ್ನೇ ಕೊಡಲು ಕಲಿತರು. ತೊಳೆದು, ಹಬೆಯಲ್ಲಿ ಶುದ್ಧ ಮಾಡಿ, ಒಂದು ಲೀಟರ್ ಅಳತೆ ತುಂಬಿದರೆ 500 ಗ್ರಾಂ ತೂಗುವ ಕಾಳು ಬೇರೆ, 550 ಗ್ರಾಂ ತೂಗುವ ಗಟ್ಟಿ ಕಾಳು ಬೇರೆ ಎಂದು ವಿಂಗಡಿಸಿ ಕಳಿಸುತ್ತಾರೆ.

ಅವರು ಮಾಡಿದ್ದೆಲ್ಲ ಸರಿ ಅನ್ನುವುದಿಲ್ಲ. ಬೆಲೆ ಏರಿದಾಗ ಕಂಡಕಂಡಲ್ಲಿ ಬಳ್ಳಿ ನೆಟ್ಟು, ಬೆಲೆ ಬಿದ್ದಾಗ ಸಾಲಕ್ಕೆ ಸಿಕ್ಕಿಬಿದ್ದವರು ಅಲ್ಲೂ ಇದ್ದಾರೆ. ನಮ್ಮ ಕಾಡು ಕಡಿದು ಮೆಣಸು ಬೆಳೆಸುವುದಂತೂ ಬೇಡವೇ ಬೇಡ.

2017ರಲ್ಲಿ ಕೇಂದ್ರ ಸರ್ಕಾರ ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಇಟ್ಟಿತು, ಅಂದರೆ ಅದಕ್ಕಿಂತ ಅಗ್ಗದ ಮೆಣಸನ್ನು ಹೊರಗಿನಿಂದ ತರುವಂತಿಲ್ಲ. ಅದು ಬೇಕಿತ್ತು. ಆದರೆ ಹೊರಗಿನ ಮೆಣಸು ತಡೆದ ಮಾತ್ರಕ್ಕೆ ನನ್ನ ತಟ್ಟೆಯ ಜೊಳ್ಳು ಹೋಗುವುದಿಲ್ಲ ಅಲ್ವಾ?

ಹೋದ ವರ್ಷ ಹೊರದೇಶಕ್ಕೆ ಕಳಿಸುವವರೊಬ್ಬರು ನನ್ನ ಮೆಣಸು ಕೇಳಿದ್ದರು. ಕೀಟನಾಶಕದ ಅಂಶ ಇಲ್ಲವೆಂದು ರಿಪೋರ್ಟ್ ಬೇಕಿತ್ತು. ಸ್ಯಾಂಪಲ್ ದೂರದ ಊರಿಗೆ ಕಳಿಸಿದೆ. ರಿಪೋರ್ಟ್ ಚೆನ್ನಾಗಿಯೇ ಬಂತು, ಆದರೆ ಮೂರು ವಾರ ಬಿಟ್ಟು. ಅಷ್ಟರಲ್ಲಿ ಅವರು ಬೇರೆ ಕಡೆ ಕೊಂಡಾಗಿತ್ತು. ನಾನು ಪೇಟೆ ದರಕ್ಕೇ ಮಾರಿದೆ.

ಮೆಣಸಿನಂಥ ಸಾಂಬಾರ ಪದಾರ್ಥಗಳ ರಫ್ತು ನೋಡಿಕೊಳ್ಳುವ ಸಾಂಬಾರ ಮಂಡಳಿ ಇರುವುದು ಕೇಂದ್ರದ ವಾಣಿಜ್ಯ ಸಚಿವಾಲಯದ ಕೆಳಗೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಹತ್ತು ಕಿಲೋ ತಂದವನ ಮೆಣಸನ್ನೂ ಸ್ವಚ್ಛ ಮಾಡಿ ವಿಂಗಡಿಸಿ ಕೊಡುವ ಘಟಕ, ನಾಲ್ಕೈದು ದಿನದಲ್ಲಿ ರಿಪೋರ್ಟ್ ಕೊಡುವ ಲ್ಯಾಬ್, ಇವೆರಡನ್ನೂ ಇಲ್ಲಿನ ಸಹಕಾರಿ ಸಂಘಗಳನ್ನು ಜೊತೆಗಿಟ್ಟುಕೊಂಡು ಶಿರಸಿಗೆ ತನ್ನಿ.

ಮುಂದಿನ ಸಲ ಶಿರಸಿಗೆ ಬಂದಾಗ ಹತ್ತು ನಿಮಿಷ ಕೊಡಿ. ಎರಡೂ ತಟ್ಟೆ ಮೆಣಸು ತರುತ್ತೇನೆ. ನೀವೇ ನೋಡಿ.

ಇಂತಿ,
ಶಿರಸಿಯ ಒಬ್ಬ ಬೆಳೆಗಾರ