ಗೇಟು ಬಸ್ ಸ್ಟಾಪಿನ ಕಡೆಗೂ ಇರಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಸುತ್ತ ಹೊಸ ಕಾಲೇಜು ಕ್ಯಾಂಪಸ್‌ಗಳು ಒಂದರ ಹಿಂದೆ ಒಂದು ಏಳುತ್ತಿವೆ. ಕಾರ್ ಪಾರ್ಕಿಂಗ್‌ಗೆ ಜಾಗ ಮೊದಲೇ ಗುರುತಾಗಿರುತ್ತದೆ, ನಡೆದು ಬರುವವರ ಯೋಚನೆ ಮಾತ್ರ ಕಟ್ಟಡವೆಲ್ಲ ಮುಗಿದ ಮೇಲೆ. ನಮ್ಮ ಏರಿಯಾದ ಹೊಸ ಕ್ಯಾಂಪಸ್ಸನ್ನೇ ನೋಡಿ. ಬಸ್ ಸ್ಟಾಪ್ ಇರುವುದು ಕಾಂಪೌಂಡಿನ ಹಿಂದೆ, ಗೇಟು ಮುಂದಿನ ಮೇನ್ ರೋಡಿಗೆ. ಬಸ್ಸಿಳಿದ ಮಕ್ಕಳು ಇಡೀ ಗೋಡೆ ಸುತ್ತಿಕೊಂಡು, ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್ ಅಡ್ಡ ಬಂದಲ್ಲಿ ರಸ್ತೆಗಿಳಿದು, ಟಿಪ್ಪರ್ ಲಾರಿಗಳಿಗೆ ಅಂಟಿಕೊಂಡಂತೆ ನಡೆದು ಕ್ಲಾಸಿಗೆ ಹೋಗಬೇಕು. ಹಿಂದಿನ ಗೋಡೆಗೆ ಒಂದು ಚಿಕ್ಕ ಗೇಟ್ ಇಟ್ಟಿದ್ದರೆ ಸಾಕಿತ್ತು, ಅಲ್ವಾ?

ಫುಟ್‌ಪಾತ್‌ನಲ್ಲಿ ಅಡ್ಡಿಯಿಲ್ಲದ ಜಾಗ ಕನಿಷ್ಠ 1.8 ಮೀಟರ್ ಇರಬೇಕು ಅಂತ ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿದೆ. ಎರಡು ಗಾಲಿಕುರ್ಚಿ ಎದುರುಬದುರಾದರೂ ದಾಟಿಹೋಗುವಷ್ಟು ಅಗಲ ಅದು. ಇದೇನು ಜಾಸ್ತಿ ಕೇಳಿದ ಹಾಗಲ್ಲ.

ಮೆಟ್ರೋ 2021ರಲ್ಲಿ ಕೆಂಗೇರಿಗೆ ಬಂತು, 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರಕ್ಕೂ ಬಂತು. ತುಂಬಾ ಸಂತೋಷ. ಆದರೆ ಸ್ಟೇಷನ್‌ನಿಂದ ಆಚೆಯ ಒಂದೆರಡು ಕಿಲೋಮೀಟರಿಗೆ ಕ್ಲಾಸ್ ಟೈಮಿಗೆ ಹೊಂದುವ ಫೀಡರ್ ಬಸ್ ಇಲ್ಲದಿದ್ದರೆ ಆಟೋಗೆ ದುಡ್ಡು ಸುರಿಯಬೇಕು, ಇಲ್ಲವೇ ಮನೆಯಲ್ಲಿ ಸ್ಕೂಟರ್ ಕೇಳಬೇಕು. ಸೈಕಲ್ ತರುವವರೂ ಇದ್ದಾರೆ. ಸ್ಟ್ಯಾಂಡನ್ನು ಪಾರ್ಕಿಂಗ್‌ನ ಕೊನೆಯ ಮೂಲೆಗೆ ತಳ್ಳದೆ, ಕ್ಲಾಸ್‌ರೂಮಿನ ಹತ್ತಿರ ಸೂರಿನಡಿ ಕೊಡಿ.

ಪ್ಲಾನ್‌ಗೆ ಒಪ್ಪಿಗೆ ಕೊಡುವ ಅಧಿಕಾರಿಗಳು ಸಹಿ ಹಾಕುವ ಮುಂಚೆ ಹತ್ತಿರದ ಬಸ್ ಸ್ಟಾಪಿನಿಂದ ಆ ಜಾಗಕ್ಕೆ ಒಮ್ಮೆ ನಡೆದುಕೊಂಡು ಹೋಗಲಿ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ.

– ವಿದ್ಯಾರ್ಥಿನಿಯೊಬ್ಬಳ ತಂದೆ, ಬೆಂಗಳೂರು